ಪವರ್ ವಿಂಡೋ ಕೈಕೊಟ್ಟಾಗ: ಹಳೆ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ನಮ್ಮದೊಂದು ಆಟೋ ಎಲೆಕ್ಟ್ರಿಕಲ್ ಶೆಡ್ಡು. ಸೆಲ್ಫ್, ಡೈನಮೊ, ಹಾರ್ನ್, ವೈರಿಂಗ್ ಎಲ್ಲಾ ನೋಡುತ್ತೇವೆ. ಆದರೆ ಮಾರ್ಚ್ ಬಂತೆಂದರೆ ಪವರ್ ವಿಂಡೋ ಗಿರಾಕಿಗಳದ್ದೇ ಸಾಲು. ಗಾಡಿ ಹಳೆಯದು, ಎಸಿ ಅರ್ಧಂಬರ್ಧ, ಅದರ ಮೇಲೆ ಗ್ಲಾಸೂ ಇಳಿಯುವುದಿಲ್ಲ ಅಂದರೆ ಒಳಗೆ ಕೂತವರು ಕುಕ್ಕರಿನಲ್ಲಿಟ್ಟ ಬೇಳೆಯಂತೆ ಆಗುತ್ತಾರೆ. ಕೆಎ 34, 35, 36, 37, ಯಾವ ನಂಬರಿನ ಗಾಡಿ ಬಂದರೂ ಕೇಳುವುದು ಅವೇ ಹದಿನೈದು ಇಪ್ಪತ್ತು ಪ್ರಶ್ನೆಗಳು. ಉತ್ತರ ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಬರೆದಿಟ್ಟದ್ದು ಇದು. ಸುಮಾರು 1998ರಿಂದ 2012ರವರೆಗಿನ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಾಗಿಲಿಗೊಂದು ಕಂಪ್ಯೂಟರ್ ಇರುವ ಹೊಸ ಗಾಡಿಗಳ ಲೆಕ್ಕವೇ ಬೇರೆ.

ಬಟನ್ ಒತ್ತಿದರೆ ಗ್ಲಾಸ್ ಅಲ್ಲಾಡುತ್ತಿಲ್ಲ. ಮೋಟಾರ್ ಹೋಯಿತು ಅಂತ ತಾನೇ?

ಅಲ್ಲ. ನಮ್ಮ ಕಡೆ ಇದೊಂದು ರೂಢಿ ಆಗಿಬಿಟ್ಟಿದೆ. ಗ್ಲಾಸ್ ನಿಂತರೆ ಮೋಟಾರ್ ಹೋಗಿದೆ, ಹೊಸದು ಹಾಕಿ. ಹೊಸದು ಹಾಕಿದ ಮೇಲೂ ಗ್ಲಾಸ್ ಏರದೆ ನಮ್ಮ ಶೆಡ್ಡಿಗೆ ಬಂದ ಗಾಡಿಗಳು ಒಂದೆರಡಲ್ಲ. ನಿಜವಾಗಿ ಸತ್ತ ಮೋಟಾರ್ ನಾನು ನೋಡಿದ್ದು ಕಡಿಮೆ. ಸ್ವಿಚ್ಚು, ಬಾಗಿಲ ಕೀಲಿನ ಹತ್ತಿರ ಮುರಿದ ವೈರು, ಗ್ಲಾಸ್ ಓಡುವ ರಬ್ಬರ್ ಪಟ್ಟಿಯಾದ ಬೀಡಿಂಗಿನಲ್ಲಿ ಕೂತ ಧೂಳು, ಈ ಮೂರನ್ನು ನೋಡದೆ ಮೋಟಾರಿನ ಹೆಸರು ಎತ್ತಬಾರದು.

ಮೊದಲು ಮಾಡಬೇಕಾದ್ದು ಕಿವಿಯ ಕೆಲಸ. ಇಂಜಿನ್ ಬಂದ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಡಿ, ರೇಡಿಯೊ ಆರಿಸಿ, ಒಳಗಿನ ಲೈಟ್ ಹಾಕಿಕೊಂಡು ಬಟನ್ ಒತ್ತಿ. ಏನೂ ಸದ್ದಿಲ್ಲ, ಲೈಟೂ ಮಂಕಾಗಲಿಲ್ಲ ಅಂದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ: ಫ್ಯೂಸು, ಸ್ವಿಚ್ಚು, ವೈರು ನೋಡಿ. ಒಳಗಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಪೂರ್ತಿ ಸವೆದ ಮೋಟಾರೂ ಹೀಗೇ ಸುಮ್ಮನಿರುತ್ತದೆ, ಆದರೆ ಅದರ ಸರದಿ ಕೊನೆಗೆ. ಸದ್ದಿಲ್ಲ, ಆದರೆ ಲೈಟ್ ಒಂಚೂರು ಮಂಕಾಯಿತು ಅಂದರೆ ಕರೆಂಟ್ ಹೋಗುತ್ತಿದೆ, ಮೋಟಾರ್ ತಿರುಗಲು ಆಗದೆ ತಿಣುಕುತ್ತಿದೆ: ಗ್ಲಾಸ್ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಮೋಟಾರ್ ಒಳಗೆ ಜಾಮ್ ಆಗಿದೆ. ಗರ್ ಅಂತ ಮೋಟಾರ್ ತಿರುಗುತ್ತಿದೆ, ಗ್ಲಾಸ್ ಮಾತ್ರ ಬರುತ್ತಿಲ್ಲ ಅಂದರೆ ಕೇಬಲ್ಲೋ ಗೇರೋ ಮುರಿದಿದೆ. ಒಂದು ಸ್ಕ್ರೂ ಬಿಚ್ಚದೆ ಇಷ್ಟು ಗೊತ್ತಾಗುತ್ತದೆ.

ನಾಲ್ಕೂ ಬಾಗಿಲ ಗ್ಲಾಸು ಒಮ್ಮೆಗೇ ನಿಂತಿವೆ.

ನಾಲ್ಕು ಮೋಟಾರ್ ಒಂದೇ ದಿನ ಸಾಯುವುದಿಲ್ಲ. ಫ್ಯೂಸ್ ನೋಡಿ, ಆಮೇಲೆ ರಿಲೇ (ಗ್ಲಾಸುಗಳಿಗೆ ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್ ಡಬ್ಬಿ) ನೋಡಿ. ರಿಲೇ ಇರುವ ಗಾಡಿಗಳಲ್ಲಿ ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡ್ ಕೆಳಗೆ 'ಟಿಕ್' ಅನ್ನುವುದು ಕೈಗೂ ಗೊತ್ತಾಗುತ್ತದೆ. ಎರಡೂ ಸರಿಯಿದ್ದರೆ ಡ್ರೈವರ್ ಬಾಗಿಲ ಮುಖ್ಯ ಸ್ವಿಚ್ಚಿಗೆ ಬರುವ ಅರ್ಥ್ ವೈರ್, ಅಂದರೆ ಕರೆಂಟು ಬಾಡಿಗೆ ವಾಪಸ್ ಸೇರುವ ವೈರ್, ಹಿಡಿದು ನೋಡಿ.

ನನ್ನ ಕಡೆ ಗ್ಲಾಸ್ ಸರಿ ಇದೆ. ಉಳಿದ ಮೂರು ಬಾಗಿಲಿನವರು ಒತ್ತಿದರೆ ಏನೂ ಆಗುತ್ತಿಲ್ಲ.

ನಿಮ್ಮ ಬಾಗಿಲ ಮೇಲೆ ಗ್ಲಾಸ್ ಲಾಕ್ ಬಟನ್ ಒಂದಿದೆ. ಅದನ್ನೊಮ್ಮೆ ಒತ್ತಿ. ಸಿಂಧನೂರಿನಿಂದ ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದವರೊಬ್ಬರಿಗೆ ನಾನು ಈ ಬಟನ್ ಒತ್ತಿ ಕಳಿಸಿದ್ದೇನೆ. ದುಡ್ಡು ತಗೊಳ್ಳಲಿಲ್ಲ, ಚಹಾ ಅವರದೇ ಆಯಿತು.

ಎಡಗಡೆ ಗ್ಲಾಸು ಡ್ರೈವರ್ ಬಟನ್ನಿನಿಂದಲೂ ಬರುತ್ತಿಲ್ಲ, ಅದರದೇ ಬಟನ್ನಿನಿಂದಲೂ ಬರುತ್ತಿಲ್ಲ. ಎಡಗಡೆ ಸ್ವಿಚ್ ಹೊಸದು ಹಾಕಿಸಿದರೂ ಅಷ್ಟೇ.

ಇದೇ ಜಾಸ್ತಿ ಜನ ಎಡವುವ ಜಾಗ, ಸ್ವಲ್ಪ ನಿಧಾನವಾಗಿ ಓದಿ.

ಗ್ಲಾಸ್ ಮೋಟಾರಿಗೆ ಇರುವುದು ಎರಡೇ ವೈರು. ಸುಮ್ಮನಿದ್ದಾಗ ಆ ಎರಡೂ ಅರ್ಥಿಗೆ ಸೇರಿರುತ್ತವೆ. ನೀವು 'ಮೇಲೆ' ಒತ್ತಿದರೆ ಒಂದು ವೈರ್ ಅರ್ಥ್ ಬಿಟ್ಟು 12 ವೋಲ್ಟಿಗೆ ಹೋಗುತ್ತದೆ, ಇನ್ನೊಂದು ಅರ್ಥಿನಲ್ಲೇ ಉಳಿಯುತ್ತದೆ, ಮೋಟಾರ್ ತಿರುಗುತ್ತದೆ. 'ಕೆಳಗೆ' ಒತ್ತಿದರೆ ಅದೇ ಕೆಲಸ ಉಲ್ಟಾ. ಈಗ ವಿಷಯಕ್ಕೆ ಬನ್ನಿ. ಹೆಚ್ಚಿನ ಹಳೆ ಕಾರುಗಳಲ್ಲಿ ಎಡಗಡೆ ಬಾಗಿಲ ಸ್ವಿಚ್ಚಿಗೆ ತನ್ನದೇ ಅರ್ಥ್ ಇರುವುದಿಲ್ಲ. ಅದು ಅರ್ಥ್ ಪಡೆಯುವುದು ಡ್ರೈವರ್ ಬಾಗಿಲ ಸ್ವಿಚ್ಚಿನ ಹೊಟ್ಟೆಯೊಳಗಿಂದ ಹಾದು. ಅಂದರೆ ಎಡಗಡೆ ಕೂತವರು ಬಟನ್ ಒತ್ತಿದಾಗ ಕರೆಂಟು ಮೋಟಾರ್ ದಾಟಿ, ಅಲ್ಲಿಂದ ನಿಮ್ಮ ಬಾಗಿಲಿಗೆ ಬಂದು, ನಿಮ್ಮ ಸ್ವಿಚ್ಚಿನ ಒಂದು ಪುಟ್ಟ ತಾಮ್ರದ ಪಟ್ಟಿ ಮುಟ್ಟಿ ಆಮೇಲೆ ಬಾಡಿಗೆ ಸೇರಬೇಕು. ಆ ಪಟ್ಟಿ ಕಪ್ಪಗಾಗಿದ್ದರೆ ಎಡಗಡೆ ಎಷ್ಟು ಹೊಸ ಸ್ವಿಚ್ ಹಾಕಿದರೂ, ಹೊಸ ಮೋಟಾರ್ ಹಾಕಿದರೂ ಗ್ಲಾಸ್ ಮಿಸುಕುವುದಿಲ್ಲ. ಕಾಯಿಲೆ ಒಂದು ಬಾಗಿಲಲ್ಲಿ, ನೋವು ಇನ್ನೊಂದರಲ್ಲಿ.

ಪತ್ತೆ ಮಾಡುವುದು ಸುಲಭ. ಎಡಗಡೆ ಬಟನ್ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ, ನೀವು ಡ್ರೈವರ್ ಕಡೆಯ ಅದೇ ಗ್ಲಾಸಿನ ಬಟನ್ನನ್ನು ಮೇಲೆ ಕೆಳಗೆ ಪಟಪಟ ಹತ್ತು ಸಲ ಆಡಿಸಿ ಬಿಡಿ. ನಡುವೆ ಎಡಗಡೆ ಗ್ಲಾಸ್ ಒಮ್ಮೆ ಜಿಗಿದರೂ ಸಾಕು, ಕಳ್ಳ ಡ್ರೈವರ್ ಸ್ವಿಚ್ಚಿನಲ್ಲೇ ಇದ್ದಾನೆ.

ಸ್ವಿಚ್ ಬಿಚ್ಚಿ ಮನೆಯಲ್ಲೇ ಕ್ಲೀನ್ ಮಾಡಬಹುದಾ?

ಮಾಡಬಹುದು, ಅವಸರ ಇಲ್ಲದಿದ್ದರೆ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಸ್ವಿಚ್ಚಿನ ಒಂದು ಅಂಚು ಎತ್ತಿ. ಕೆಲವು ಗಾಡಿಗಳಲ್ಲಿ ಕೆಳಗಿನಿಂದ ಸ್ಕ್ರೂ ಇರುತ್ತದೆ, ಕೆಲವದರಲ್ಲಿ ಸ್ವಿಚ್ ಬಾಗಿಲಲ್ಲಿ ಇರದೆ ಗೇರಿನ ಪಕ್ಕ ಇರುತ್ತದೆ. ವೈರುಗಳು ಬಂದು ಕೂರುವ ಪ್ಲಾಸ್ಟಿಕ್ ಕಪ್ಲರ್ ಕಳಚುವಾಗ ಅದರ ಲಾಕ್ ಒತ್ತಿ ಕಪ್ಲರ್ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ.

ಬಿಚ್ಚುವ ಕೆಲಸ ಊಟದ ತಟ್ಟೆಯ ಮೇಲೆ ಇಟ್ಟುಕೊಂಡು ಮಾಡಿ. ಸುಮ್ಮನೆ ಹೇಳುತ್ತಿಲ್ಲ. ಪ್ಲಾಸ್ಟಿಕ್ ಲಾಕುಗಳು ಬಿಟ್ಟ ಕೂಡಲೇ ಒಳಗಿನ ಸಾಸಿವೆಯಷ್ಟು ಸಣ್ಣ ಸ್ಪ್ರಿಂಗು, ಗುಂಡು ಜಿಗಿಯುತ್ತವೆ. ಅಂಗಳದಲ್ಲಿ ಬಿದ್ದರೆ ಸಿಗುವುದಿಲ್ಲ. ಬಿಚ್ಚುವ ಮೊದಲು ಒಂದು, ಬಿಚ್ಚಿದ ಮೇಲೆ ಒಂದು ಫೋಟೊ ಹೊಡೆದುಕೊಳ್ಳಿ. ಒಳಗೆ ತಕ್ಕಡಿಯಂತೆ ಆಡುವ ತಾಮ್ರದ ಪಟ್ಟಿಗಳು ಕಾಣುತ್ತವೆ. ಅವುಗಳ ತುದಿಯಲ್ಲಿ ಮಸಿ ಕಟ್ಟಿರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಅದಕ್ಕೂ ಹೋಗದಿದ್ದರೆ 1000 ನಂಬರಿನ ಎಮರಿ ಪೇಪರ್, ಎರಡು ಮೂರು ಸಲ ಮೆತ್ತಗೆ, ಸಾಕು. ಜೋರಾಗಿ ಉಜ್ಜಿದರೆ ಮೇಲಿನ ಲೇಪ ಹೋಗಿ ವರ್ಷದೊಳಗೆ ಮತ್ತೆ ಕಪ್ಪಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ ಜೋಡಿಸಿ. ಪೆಟ್ರೋಲಿನಲ್ಲಿ ಅದ್ದಬೇಡಿ, ಕೆಲವು ಪ್ಲಾಸ್ಟಿಕ್ ಬಿಳುಪೇರಿ ಸೀಳುತ್ತದೆ.

ಮಸಿ ಯಾಕೆ ಕಟ್ಟುತ್ತದೆ ಅಂದರೆ ಬಟನ್ ಬಿಡುವಾಗ ಆ ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಗ್ಲಾಸ್ ಮೇಲೆ ತಲುಪಿದ ಮೇಲೂ ಒತ್ತಿ ಹಿಡಿದರೆ ಮೋಟಾರ್ ಅಡಕಿಕೊಂಡು ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಕರೆಂಟ್ ಎಳೆಯುತ್ತದೆ, ಕಿಡಿಯೂ ಅಷ್ಟೇ ದೊಡ್ಡದು. 'ಟಕ್' ಅಂದಕೂಡಲೇ ಬೆರಳು ತೆಗೆಯುವವರ ಸ್ವಿಚ್ಚು ಬಹಳ ವರ್ಷ ಬರುತ್ತದೆ.

ಬಾಗಿಲು ತೆಗೆದಾಗ ಗ್ಲಾಸ್ ಕೆಲಸ ಮಾಡುತ್ತದೆ, ಹಾಕಿದರೆ ಇಲ್ಲ. ಇದೇನು ಮಾಟವಾ?

ಮಾಟ ಅಲ್ಲ, ಮುರಿದ ವೈರು. ಬಾಗಿಲಿಗೂ ಬಾಡಿಗೂ ನಡುವೆ ಕಪ್ಪು ರಬ್ಬರಿನ ಸೊಂಡಿಲು ಇದೆಯಲ್ಲ, ಕೀಲಿನ ಪಕ್ಕ, ವೈರುಗಳೆಲ್ಲ ಅದರೊಳಗೆ ಹೋಗುತ್ತವೆ. ಇಪ್ಪತ್ತು ವರ್ಷ ಬಾಗಿಲು ತೆಗೆದು ಹಾಕಿ ಮಾಡಿದರೆ ಅಷ್ಟೂ ಸಲ ಆ ವೈರ್ ಬಾಗಿರುತ್ತದೆ. ನಮ್ಮ ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಣ ಕಡ್ಡಿಯಂತೆ ಸೆಟೆದಿರುತ್ತದೆ, ಅದು ಒಡೆದ ಜಾಗದಲ್ಲೇ ಒಳಗಿನ ತಾಮ್ರದ ಎಳೆಗಳೂ ಒಂದೊಂದಾಗಿ ಕಡಿಯುತ್ತವೆ.

ಒಬ್ಬರು ಬಟನ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಾಗಿಲನ್ನು ನಿಧಾನಕ್ಕೆ ತೆಗೆದು ಹಾಕಿ ಮಾಡಲಿ. ಒಂದು ಕೋನದಲ್ಲಿ ಮೋಟಾರ್ ಮಿಸುಕಿದರೆ ಜಾಗ ಸಿಕ್ಕಿತು. ರಬ್ಬರ್ ಸೊಂಡಿಲನ್ನು ಬಾಡಿ ಕಡೆಯಿಂದ ಕಳಚಿ ಹಿಂದಕ್ಕೆ ಸರಿಸಿ, ಪ್ರತಿ ವೈರನ್ನೂ ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳಗೆ ಕಡಿದ ವೈರು ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ, ಸರಿಯಿದ್ದದ್ದು ಹಿಗ್ಗುವುದಿಲ್ಲ. ನಡುವೆ ಅದೇ ದಪ್ಪದ ಹೊಸ ವೈರ್ ತುಂಡು ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ತೊಡಿಸಿ. ಜೋಡಣೆಯ ಗಂಟು ಬಾಗುವ ಜಾಗದಲ್ಲಿ ಬರಕೂಡದು. ಬೆಸುಗೆ ಹಾಕಿದ ತಾಮ್ರ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಬಾಗುವಲ್ಲಿ ಬಂದರೆ ಆರು ತಿಂಗಳಲ್ಲಿ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಬರೀ ತಿರುಚಿ ಟೇಪ್ ಸುತ್ತಿದ ಕೆಲಸ ಮೊದಲ ಮಳೆಗಾಲದವರೆಗೆ.

ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ಮೋಟಾರ್ ತಿರುಗುತ್ತಿಲ್ಲ. ಹಾಗಾದರೆ ಮೋಟಾರೇ ಅಲ್ಲವೇ?

ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ಅನ್ನುತ್ತದೆ, ಯಾಕೆಂದರೆ ಮೀಟರಿಗೆ ಬೇಕಾದ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು. ಮೋಟಾರಿಗೆ ಐದಾರು ಆಂಪಿಯರ್ ಬೇಕು. ಹಾಗಾಗಿ ಕಪ್ಲರ್ ಹಾಕಿದ್ದಂತೆಯೇ ಹಿಂದಿನಿಂದ ಮೀಟರಿನ ಸೂಜಿ ತೂರಿಸಿ, ಬಟನ್ ಒತ್ತಿ ಹಿಡಿದು ಅಳೆಯಿರಿ. ಬ್ಯಾಟರಿಯಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದು ವೋಲ್ಟ್ ಆಸುಪಾಸು ಕಡಿಮೆ ಇದ್ದರೆ ಪರವಾಗಿಲ್ಲ. ಎಂಟು ಒಂಬತ್ತಕ್ಕೆ ಇಳಿದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ: ಸ್ವಿಚ್ಚು, ಕೀಲಿನ ವೈರು, ಇಲ್ಲವೇ ಅರ್ಥ್. ಮೀಟರ್ ಇಲ್ಲದಿದ್ದರೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿಕೊಂಡು ಅದನ್ನು ಮೋಟಾರಿನ ಕಪ್ಲರಿಗೆ ಕೊಡಿ. ಬಲ್ಬ್ ಪೂರ್ತಿ ಬೆಳಗಿದರೆ ವೈರಿಂಗ್ ಸರಿ, ಕೆಂಪಗೆ ಮಿಣುಕಿದರೆ ಇಲ್ಲ. ನನ್ನ ಅಪ್ಪ ಮೀಟರ್ ಮುಟ್ಟದೆ ಇದೊಂದು ಬಲ್ಬಿನಲ್ಲೇ ಮೂವತ್ತು ವರ್ಷ ತೆಗೆದರು.

ಗ್ಲಾಸ್ ಕೆಳಗ ಇಳೀತದ, ಮ್ಯಾಲ ಏರವಲ್ದು. ಅರ್ಧಕ್ಕ ನಿಂತುಬಿಡ್ತದ.

ಕೊಪ್ಪಳ, ಕುಷ್ಟಗಿ ಕಡೆಯಿಂದ ಬರುವವರು ಕೇಳುವುದು ಹೀಗೇ, ಪ್ರಶ್ನೆ ಮಾತ್ರ ಎಲ್ಲರದೂ. ಇಳಿಯುವಾಗ ಗ್ಲಾಸಿನ ಭಾರವೇ ಕೆಳಗೆ ಎಳೆಯುತ್ತದೆ, ಏರುವಾಗ ಮೋಟಾರ್ ಭಾರವನ್ನೂ ಎತ್ತಬೇಕು, ಬೀಡಿಂಗಿನ ಬಿಗಿತವನ್ನೂ ಮೀರಬೇಕು. ಆದ್ದರಿಂದ ಏರುವಾಗ ನಿಧಾನ ಅಂದರೆ ಹತ್ತಕ್ಕೆ ಏಳೆಂಟು ಪಾಲು ಗ್ಲಾಸ್ ಓಡುವ ರಬ್ಬರ್ ಕಾಲುವೆಯಲ್ಲೇ ತೊಂದರೆ.

ಇಲ್ಲಿ ನಮ್ಮ ಜಿಲ್ಲೆಗಳ ವಿಶೇಷ ಒಂದಿದೆ. ಬಾಗಿಲ ಒಳಬದಿಯ ಹಲಗೆ, ಅಂದರೆ ಡೋರ್ ಪ್ಯಾಡ್, ಬಿಚ್ಚಿ ಒಳಗಿನ ಧೂಳು ನೋಡಿದರೆ ಗಾಡಿ ಎಲ್ಲಿ ಓಡಿದೆ ಅಂತ ಹೇಳಿಬಿಡಬಹುದು. ಕುಂಕುಮದಂಥ ಕೆಂಪು ಇದ್ದರೆ ಸಂಡೂರು, ದೋಣಿಮಲೈ ಕಡೆಯದು. ಬೂದಿ ಬಣ್ಣ ಇದ್ದರೆ ಶಕ್ತಿನಗರ ಇಲ್ಲವೇ ಕುಡಿತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಡೆಯದು. ಕಪ್ಪು ಇದ್ದು ಹಿಡಿದರೆ ಉಂಡೆ ಕಟ್ಟಿದರೆ ಸಿರುಗುಪ್ಪದ ಹೊಲದ ದಾರಿ. ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದ ಗಾಡಿಗಳು ಈಗಲೂ ಬರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು, ಆದರೆ ಅದಕ್ಕೂ ಮೊದಲು ಬಾಗಿಲೊಳಗೆ ಇಳಿದ ಕೆಂಪು ಧೂಳು ಯಾರೂ ತೆಗೆಯದೆ ಹಾಗೇ ಕೂತಿರುತ್ತದೆ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ದಿನಾ ನಿಲ್ಲುತ್ತಿದ್ದ ಕಾರಿನ ಬಾಗಿಲಿನಿಂದ ನಾನು ಎರಡು ಬೊಗಸೆ ಭತ್ತದ ಹೊಟ್ಟು ತೆಗೆದಿದ್ದೇನೆ. ಮಳೆನೀರಿಗೆ ನೆನೆದು ನೆನೆದು ಅದು ಕರಿ ಗೊಬ್ಬರ ಆಗಿತ್ತು. ಆ ಬಾಗಿಲ ಮೋಟಾರ್ ತೆಗೆದು ಒರೆಸಿ ಕರೆಂಟ್ ಕೊಟ್ಟರೆ ಹೊಸದರಂತೆ ತಿರುಗಿತು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಇನ್ನೊಂದು ಕಾರಣ ಕಪ್ಪು ಫಿಲ್ಮು. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗ್ಲಾಸಿಗೆ ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದಾಗ ಜನ ಅವಸರಕ್ಕೆ ಬ್ಲೇಡಿನಿಂದ ಕೆರೆದು ತೆಗೆಸಿದರು. ಬಾಗಿಲೊಳಗೆ ಮುಳುಗುವ ಕೆಳಗಿನ ಪಟ್ಟಿಯಲ್ಲಿ ಅಂಟು ಹಾಗೇ ಉಳಿಯಿತು. ಅಂಟಿಗೆ ಧೂಳು, ಧೂಳಿಗೆ ಇನ್ನಷ್ಟು ಧೂಳು. ಗ್ಲಾಸ್ ಪೂರ್ತಿ ಏರಿಸಿ ಕೆಳಗಿನ ಅಂಚಿನ ಹತ್ತಿರ ಬೆರಳಾಡಿಸಿ ನೋಡಿ, ಅಂಟು ಅನ್ನಿಸಿದರೆ ಅದೇ.

ಬೀಡಿಂಗಿಗೆ ಯಾವ ಎಣ್ಣೆ ಬಿಡಬೇಕು? ಕೊಬ್ಬರಿ ಎಣ್ಣೆ ಆದೀತಾ?

ಯಾವ ಎಣ್ಣೆಯೂ ಬೇಡ. ಗ್ರೀಸೂ ಬೇಡ, ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ಎರಡು ದಿನ ಜುಮ್ಮಂತ ಓಡಾಡುತ್ತದೆ, ಆಮೇಲೆ ಧೂಳು ಸೇರಿ ಚಟ್ನಿಯಾಗಿ ಮೊದಲಿಗಿಂತ ಬಿಗಿ. ರಬ್ಬರೂ ಉಬ್ಬುತ್ತದೆ. ಗ್ಲಾಸ್ ಪೂರ್ತಿ ಇಳಿಸಿ, ಪಟ್ಟಿ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ, ರಬ್ಬರ್ ಕಾಲುವೆಯೊಳಗೆ ಮೇಲಿಂದ ಕೆಳಗೆ ಎಳೆಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೆ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ, ಅದರ ಜೊತೆ ಬರುವ ಸಣ್ಣ ನಳಿಕೆ ಸಿಕ್ಕಿಸಿ, ಎರಡೂ ಬದಿಗೆ. ನಾಲ್ಕೈದು ಸಲ ಏರಿಸಿ ಇಳಿಸಿ, ಗ್ಲಾಸಿನ ಮೇಲೆ ಉಳಿದದ್ದನ್ನು ಒರೆಸಿ. ಬೇಸಿಗೆ ಶುರುವಿಗೆ ಒಮ್ಮೆ, ಮಳೆಗೆ ಮುಂಚೆ ಒಮ್ಮೆ ಮಾಡಿದರೆ ನಮ್ಮಂಥವರ ಶೆಡ್ಡಿಗೆ ಬರುವ ಕೆಲಸವೇ ಇಲ್ಲ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಮಾತ್ರ ಬದಲಿಸಿ.

ಡೋರ್ ಪ್ಯಾಡ್ ಬಿಚ್ಚುವುದು ಹೇಗೆ? ಲಾಕುಗಳು ಮುರಿಯುತ್ತವೆ ಅಂತ ಭಯ.

ಒಂದೆರಡು ಮುರಿದೇ ಮುರಿಯುತ್ತವೆ. ಮೊದಲೇ ಸ್ಪೇರ್ ಅಂಗಡಿಯಲ್ಲಿ ನಿಮ್ಮ ಗಾಡಿಯ ಪ್ಯಾಡ್ ಕ್ಲಿಪ್ ಹತ್ತು ತಂದಿಟ್ಟುಕೊಳ್ಳಿ, ಭಯ ಹೋಗುತ್ತದೆ.

ಸ್ಕ್ರೂಗಳು ಅಡಗಿರುವ ಜಾಗ ಮೂರು: ಒಳಗಿನ ಹ್ಯಾಂಡಲ್ ಬಟ್ಟಲಿನೊಳಗೆ ಪುಟ್ಟ ಮುಚ್ಚಳದ ಕೆಳಗೆ, ಕೈಯಿಡುವ ಆರ್ಮ್‌ರೆಸ್ಟಿನ ತಗ್ಗಿನಲ್ಲಿ, ಕನ್ನಡಿಯ ಹಿಂದಿನ ತ್ರಿಕೋನ ಪ್ಲಾಸ್ಟಿಕ್ಕಿನ ಹತ್ತಿರ. ಎಲ್ಲಾ ತೆಗೆದ ಮೇಲೂ ಪ್ಯಾಡ್ ಬರುತ್ತಿಲ್ಲ ಅಂದರೆ ಜೋರು ಮಾಡಬೇಡಿ, ಇನ್ನೊಂದು ಸ್ಕ್ರೂ ಇದೆ ಅಂತ ಅರ್ಥ. ಕೆಳಗಿನ ಮೂಲೆಯಿಂದ ಶುರುಮಾಡಿ, ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ಬೆರಳು ಹಾಕಿ ಎಳೆಯಿರಿ. ದೂರದಿಂದ ಎಳೆದರೆ ಕ್ಲಿಪ್ ಉಳಿದು ಹಲಗೆ ಹರಿಯುತ್ತದೆ. ಹಳೆ ಗಾಡಿಗಳಲ್ಲಿ ಆ ಹಲಗೆ ಒತ್ತಿದ ರಟ್ಟು, ನೀರು ಕುಡಿದು ಹಪ್ಪಳವಾಗಿರುತ್ತದೆ. ಕೊನೆಗೆ ಮೇಲಕ್ಕೆ ಎತ್ತಿದರೆ ಗ್ಲಾಸಿನ ಅಂಚಿನಿಂದ ಕಳಚಿಕೊಳ್ಳುತ್ತದೆ. ಸ್ವಿಚ್ಚಿನ ಕಪ್ಲರ್ ಇನ್ನೂ ಹಿಡಿದಿರುತ್ತದೆ, ಕಿತ್ತುಕೊಂಡು ಓಡಬೇಡಿ.

ಬಾಗಿಲ ಒಳಗಿನ ತಗಡಿನ ಅಂಚು ಬ್ಲೇಡಿದ್ದಂತೆ. ಗ್ಲೌಸ್ ಹಾಕಿ. ನನ್ನ ಬಲ ಮುಂಗೈ ಮೇಲಿನ ಗೆರೆ ಗ್ಲೌಸ್ ಹಾಕದ ಒಂದು ಭಾನುವಾರದ್ದು.

ಪ್ಯಾಡಿನ ಹಿಂದಿನ ಪಾಲಿಥಿನ್ ಹಾಳೆ ಬೇಕೇ ಬೇಕಾ? ನಮ್ಮ ಮೆಕ್ಯಾನಿಕ್ ಹರಿದು ಬಿಸಾಕಿದ.

ಬೇಕು. ಗ್ಲಾಸಿನ ಹೊರಗಿನ ರಬ್ಬರ್ ದಾಟಿ ಮಳೆನೀರು ಬಾಗಿಲೊಳಗೆ ಬರುವುದು ಸಹಜ, ಗಾಡಿ ಮಾಡುವವರೂ ಅದನ್ನು ಲೆಕ್ಕಕ್ಕೆ ಹಿಡಿದೇ ಬಾಗಿಲ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಆ ಹಾಳೆ ಇಲ್ಲದಿದ್ದರೆ ನೀರು ರಟ್ಟಿಗೆ, ಸ್ವಿಚ್ಚಿಗೆ, ಕೊನೆಗೆ ಕಾಲ ಕೆಳಗಿನ ಮ್ಯಾಟಿಗೆ ಬರುತ್ತದೆ. ದಪ್ಪ ಪಾಲಿಥಿನ್ ಹಾಳೆ ಅಳತೆಗೆ ಕತ್ತರಿಸಿ ಡಬಲ್ ಟೇಪಿನಲ್ಲಿ ಅಂಟಿಸಿ, ಕೆಳಗಿನ ಅಂಚು ಬಾಗಿಲ ಒಳಕ್ಕೆ ಹೋಗುವಂತೆ. ಹಾಗೇ ತಳದ ತೂತುಗಳಿಗೆ ಕಸಬರಿಗೆ ಕಡ್ಡಿ ತೂರಿಸಿ. ಬಾಗಿಲು ಹಾಕುವಾಗ ಒಳಗೆ ಗುಳುಗುಳು ಅಂದರೆ ತೂತು ಕಟ್ಟಿದೆ. ನಿಂತ ನೀರಿನ ಆವಿ ಮೋಟಾರಿನ ಕಪ್ಲರಿಗೆ ಹಸಿರು ತುಕ್ಕು ಹಿಡಿಸುತ್ತದೆ.

ಮೋಟಾರ್ ಸರಿಯಿದೆಯಾ ಅಂತ ನೇರ ಪರೀಕ್ಷೆ?

ಕಪ್ಲರ್ ಕಳಚಿ, ಬ್ಯಾಟರಿಯಿಂದ ಎರಡು ವೈರ್ ತಂದು ಮೋಟಾರಿನ ಎರಡು ಪಿನ್ನಿಗೆ ಕ್ಷಣ ಮುಟ್ಟಿಸಿ. ಪ್ಲಸ್ ವೈರಿಗೆ 20 ಆಂಪಿಯರ್ ಫ್ಯೂಸ್ ಸೇರಿಸಿಕೊಳ್ಳಿ, ವೈರ್ ಬಾಡಿಗೆ ತಗುಲಿದರೂ ಬೆಂಕಿ ಏಳುವುದಿಲ್ಲ. ಏರಿದರೆ, ವೈರ್ ಅದಲುಬದಲು ಮಾಡಿ, ಇಳಿಯಬೇಕು. ಎರಡೂ ಕಡೆ ಚೆನ್ನಾಗಿ ಓಡಿದರೆ ಮೋಟಾರನ್ನು ಬಿಟ್ಟು ಹಿಂದಕ್ಕೆ ಹೋಗಿ. ಓಡದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಗೆ ಎರಡು ಸಣ್ಣ ಏಟು ಕೊಟ್ಟು ಮತ್ತೆ ನೋಡಿ. ಆಗ ತಿರುಗಿದರೆ ಕಾರ್ಬನ್ ಸವೆದಿದೆ, ಅದರ ದಿನ ಮುಗಿಯುತ್ತ ಬಂದಿದೆ. ಆಗ ಮಾತ್ರ ಮೋಟಾರ್ ಬದಲಿಸುವ ಮಾತು.

ಕರಕರ ಸದ್ದು ಬಂದು ಗ್ಲಾಸ್ ದಡ್ ಅಂತ ಬಾಗಿಲೊಳಗೆ ಬಿದ್ದುಹೋಯಿತು.

ಗ್ಲಾಸ್ ಎತ್ತುವ ಸಾಧನಕ್ಕೆ ನಮ್ಮಲ್ಲಿ ಗ್ಲಾಸ್ ಮಷೀನ್ ಅನ್ನುತ್ತಾರೆ. ಅದರಲ್ಲಿ ಎರಡು ಜಾತಿ. ಒಂದು ಕತ್ತರಿಯಂತೆ ಅಡ್ಡಡ್ಡ ತೋಳಿರುವುದು, ಇನ್ನೊಂದು ತೆಳು ಉಕ್ಕಿನ ಕೇಬಲ್ಲು ರಾಟೆಗಳ ಮೇಲೆ ಓಡುವುದು. ಬಿದ್ದದ್ದು ಕೇಬಲ್ ಜಾತಿಯದೇ ಇರಬೇಕು. ತುದಿಯ ಪ್ಲಾಸ್ಟಿಕ್ ರಾಟೆ ಬಿಸಿಲಿಗೆ ಸೀಳುತ್ತದೆ, ಕೇಬಲ್ ಜಾರಿ ಡ್ರಮ್ಮಿಗೆ ಅಡ್ಡಾದಿಡ್ಡಿ ಸುತ್ತಿಕೊಂಡು ಎಳೆ ಎಳೆಯಾಗಿ ಕಡಿಯುತ್ತದೆ. ಆ ಕರಕರ ಅದೇ. ಮೊದಲ ಸಲ ಸದ್ದು ಕೇಳಿದಾಗಲೇ ಗ್ಲಾಸ್ ಮೇಲೆ ನಿಲ್ಲಿಸಿ ಬಿಚ್ಚಿದ್ದರೆ ರಾಟೆಯಲ್ಲೇ ಮುಗಿಯುತ್ತಿತ್ತು. ಈಗ ಕೇಬಲ್, ರಾಟೆ ಸಮೇತ ಮಷೀನ್ ಸೆಟ್ಟೇ ಹಾಕಿ, ಮೋಟಾರ್ ನಿಮ್ಮದೇ ಹಳೆಯದನ್ನು ಸೇರಿಸಬಹುದು. ಕೇಬಲ್ ಮಾತ್ರ ಬದಲಿಸಿ ಕೊಡುವವರೂ ಇದ್ದಾರೆ, ಕೈ ಒಳ್ಳೆಯದಿದ್ದರೆ ಸರಿ.

ಒಂದು ಸುಳಿವು: ಮಷೀನ್ ಸರಿಯಿದ್ದರೆ ಗ್ಲಾಸನ್ನು ಕೈಯಿಂದ ಒತ್ತಿದರೂ ಎಳೆದರೂ ಜರುಗುವುದಿಲ್ಲ, ಮೋಟಾರಿನ ಸುರುಳಿ ಗೇರು ಬಿಡುವುದಿಲ್ಲ. ಕೈಯಲ್ಲಿ ಸಲೀಸಾಗಿ ಬಂತು ಅಂದರೆ ಒಳಗೆ ಏನೋ ಕಡಿದಿದೆ, ಇಲ್ಲವೇ ಗ್ಲಾಸು ತನ್ನ ಕ್ಲಿಪ್ ಬಿಟ್ಟಿದೆ.

ಕತ್ತರಿ ಜಾತಿಯ ಮಷೀನಿನಿಂದ ಮೋಟಾರ್ ಬಿಚ್ಚುವಾಗ ಎಚ್ಚರ ಅನ್ನುತ್ತಾರಲ್ಲ, ಯಾಕೆ?

ಹಲವು ಗಾಡಿಗಳಲ್ಲಿ ಆ ತೋಳಿಗೆ ಗಡಿಯಾರದ ಸುರುಳಿಯಂಥ ಬಲವಾದ ಸ್ಪ್ರಿಂಗ್ ಇರುತ್ತದೆ, ಗ್ಲಾಸಿನ ಭಾರಕ್ಕೆ ಆಸರೆಯಾಗಿ. ಮೋಟಾರ್ ಇರುವವರೆಗೆ ಅದು ಹಿಡಿತದಲ್ಲಿ. ಮೋಟಾರಿನ ಬೋಲ್ಟ್ ತೆಗೆದ ಕ್ಷಣ ಹಲ್ಲಿನ ತೋಳು ಫಟ್ ಅಂತ ತಿರುಗುತ್ತದೆ, ಬೆರಳು ನಡುವೆ ಇದ್ದರೆ ಮುರಿಯುವುದು ಖಂಡಿತ. ಮಷೀನ್ ಹೊರಗೆ ತೆಗೆದು, ತೋಳನ್ನು ಅದರ ತಗಡಿಗೆ ಜಿ ಕ್ಲಾಂಪಿನಿಂದ ಬಿಗಿದು ಇಲ್ಲವೇ ತೂತು ಹೊಡೆದು ಬೋಲ್ಟ್ ಹಾಕಿ, ಆಮೇಲೆ ಮೋಟಾರ್ ಬಿಚ್ಚಿ. ಇದನ್ನು ಮೊದಲ ಸಲ ಮಾಡುವವರು ಗೊತ್ತಿದ್ದವರ ಪಕ್ಕ ನಿಂತು ನೋಡಿ ಮಾಡಿ. ಬಾಗಿಲಲ್ಲೇ ಕೆಲಸ ಮಾಡುವಾಗ ಗ್ಲಾಸನ್ನು ಮೇಲೆ ಏರಿಸಿ, ಅಗಲ ಟೇಪನ್ನು ಒಳಗಿಂದ ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ ಹೊರಗೆ ಅಂಟಿಸುವುದು ಮರೆಯಬೇಡಿ.

ಎರಡು ಸಲ ಏರಿಸಿ ಇಳಿಸಿದರೆ ಬಂದ್. ಹತ್ತು ನಿಮಿಷ ಬಿಟ್ಟು ತಾನೇ ಸರಿಯಾಗುತ್ತದೆ.

ಮೋಟಾರಿನೊಳಗೆ ಬಿಸಿಯಾದರೆ ಕರೆಂಟ್ ತಡೆಯುವ ಪುಟ್ಟ ಕಾವಲುಗಾರ ಇದ್ದಾನೆ. ತಣ್ಣಗಾದರೆ ಬಿಡುತ್ತಾನೆ. ಅವನು ಪದೇ ಪದೇ ಅಡ್ಡ ಬರುತ್ತಿದ್ದರೆ ಮೋಟಾರಿಗೆ ಹೊರೆ ಜಾಸ್ತಿ ಆಗಿದೆ: ಮತ್ತೆ ಬೀಡಿಂಗಿಗೆ ಹೋಗಿ. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲು ಮೊದಲೇ ಕಾದ ಹೆಂಚಾಗಿರುತ್ತದೆ, ಆಗ ಇನ್ನೂ ಬೇಗ.

ಫ್ಯೂಸ್ ಪದೇ ಪದೇ ಹೋಗುತ್ತದೆ. 20 ತೆಗೆದು 30 ಹಾಕಿಬಿಡಲಾ?

ಬೇಡ. ಹಳದಿ ಫ್ಯೂಸ್ 20 ಆಂಪಿಯರ್, ಹಸಿರು 30, ಬಿಳಿ 25. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ. ದೊಡ್ಡ ಫ್ಯೂಸ್ ಹಾಕಿದರೆ ಸುಡುವುದು ಫ್ಯೂಸ್ ಬದಲು ಬಾಗಿಲ ವೈರು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದನ್ನೂ ನೋಡಿದ್ದೇನೆ. ಆ ಗಾಡಿಯ ಕಾರ್ಪೆಟ್ ಕರಗಿತ್ತು. ಒತ್ತಿದ ಕೂಡಲೇ ಫ್ಯೂಸ್ ಹೋದರೆ ಕೀಲಿನ ಹತ್ತಿರ ವೈರ್ ಬಾಡಿಗೆ ತಾಗುತ್ತಿದೆ. ಗ್ಲಾಸ್ ಮೇಲೆ ತಲುಪಿದಾಗ ಹೋದರೆ ಗ್ಲಾಸ್ ಬಿಗಿ.

ಮಳೆ ಬರುತ್ತಿದೆ, ಗ್ಲಾಸ್ ಕೆಳಗೇ ನಿಂತಿದೆ. ಈಗ ಏನು ಮಾಡಲಿ?

ಇಂಜಿನ್ ಸ್ಟಾರ್ಟ್ ಮಾಡಿ, ಬ್ಯಾಟರಿ ಒಂದಕ್ಕೇ ಬಿಟ್ಟಾಗ ಹನ್ನೆರಡೂವರೆ ವೋಲ್ಟ್ ಇರುವುದು ಆಗ ಹದಿನಾಲ್ಕರ ಹತ್ತಿರ ಬರುತ್ತದೆ. ಹೆಡ್‌ಲೈಟ್, ಎಸಿ ಆರಿಸಿ. ಒಬ್ಬರು 'ಮೇಲೆ' ಒತ್ತಿ ಹಿಡಿಯಲಿ, ಇನ್ನೊಬ್ಬರು ಎರಡು ಅಂಗೈಗಳ ನಡುವೆ ಗ್ಲಾಸ್ ಹಿಡಿದು ಮೇಲಕ್ಕೆ ಆಸರೆ ಕೊಡಲಿ. ಬರದಿದ್ದರೆ ಬಟನ್ ಒತ್ತಿದ್ದಾಗಲೇ ಬಾಗಿಲ ಪ್ಯಾಡಿನ ಕೆಳ ನಡುಭಾಗಕ್ಕೆ ಅಂಗೈಯಿಂದ ಗುದ್ದಿ. ಎಷ್ಟೋ ಸಲ ಅಷ್ಟಕ್ಕೇ ಏರುತ್ತದೆ. ಏರಿತೋ, ಗ್ಲಾಸುಗಳ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ರಿಪೇರಿ ಆಗುವ ತನಕ ಯಾರೂ ಇಳಿಸಬಾರದು. ಏನೂ ಆಗದಿದ್ದರೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕು ಮತ್ತು ಟೇಪು.

ಗುಜರಿಯಲ್ಲಿ ಸಿಗುವ ಹಳೆ ಮೋಟಾರ್ ಹಾಕಿಸಬಹುದಾ?

ಹಾಕಿಸಬಹುದು, ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ ಎರಡೂ ಕಡೆ ತಿರುಗಿಸಿ ನೋಡಿದರೆ. ಎಡಗಡೆಯದು ಬಲಗಡೆಗೆ ಕೂರುವುದಿಲ್ಲ, ಹಳೆಯದನ್ನು ಜೊತೆಗೇ ಒಯ್ಯಿರಿ. ಒಂದೇ ಮಾಡೆಲ್ ಆದರೂ ವರ್ಷ ಬೇರೆಯಾದರೆ ಗೇರಿನ ಹಲ್ಲು, ಕಪ್ಲರ್ ಬೇರೆ ಇರಬಹುದು. ಸ್ವಿಚ್ ಮಾತ್ರ ಗುಜರಿಯದು ಬೇಡ. ನಿಮ್ಮದರಷ್ಟೇ ಮಸಿ ಅದರಲ್ಲೂ ಇರುತ್ತದೆ.

ಬ್ಯಾಟರಿ ತೆಗೆದು ಹಾಕಿದ ಮೇಲೆ ಒಮ್ಮೆ ಒತ್ತಿದರೆ ಪೂರ್ತಿ ಏರುವುದು ನಿಂತಿದೆ.

ತಾನೇ ಪೂರ್ತಿ ಏರುವ ಸೌಲಭ್ಯ ಇರುವ ಗಾಡಿಗಳಲ್ಲಿ ಮಾತ್ರ ಈ ಪ್ರಶ್ನೆ. ಗ್ಲಾಸಿಗೆ ತನ್ನ ಮೇಲು ಕೆಳಗು ಮರೆತಿದೆ. ಸಾಮಾನ್ಯವಾಗಿ ಪೂರ್ತಿ ಇಳಿಸಿ, ಆಮೇಲೆ ಒತ್ತಿ ಹಿಡಿದು ಪೂರ್ತಿ ಏರಿಸಿ, ಏರಿದ ಮೇಲೂ ಕೆಲವು ಸೆಕೆಂಡ್ ಬಟನ್ ಹಿಡಿದರೆ ಮತ್ತೆ ಕಲಿಯುತ್ತದೆ. ಗಾಡಿಯಿಂದ ಗಾಡಿಗೆ ಕ್ರಮ ಸ್ವಲ್ಪ ಬೇರೆ, ಕೈಪಿಡಿ ನೋಡಿ.

ಮಕ್ಕಳಿರುವ ಗಾಡಿಗೆ ಬೇರೆ ಎಚ್ಚರ?

ಹಳೆ ಗಾಡಿಗಳ ಗ್ಲಾಸಿಗೆ ಅಡ್ಡ ಕೈ ಬಂದರೆ ವಾಪಸ್ ಇಳಿಯುವ ಬುದ್ಧಿ ಇಲ್ಲ, ಬೆರಳೋ ಕತ್ತೋ ಅದಕ್ಕೆ ಗೊತ್ತಾಗುವುದಿಲ್ಲ. ಮಕ್ಕಳನ್ನು ಒಳಗೆ ಬಿಟ್ಟು ಕೀಲಿ ಗಾಡಿಯಲ್ಲೇ ಇಟ್ಟು ಇಳಿಯಬೇಡಿ. ಮೇಲೆ ಹೇಳಿದ ಆ ಲಾಕ್ ಬಟನ್ ಇರುವುದು ಇದಕ್ಕೇ. ರಿಪೇರಿ ಮಾಡಿ ಹಗುರಾಗಿ ಏರುವಂತೆ ಆದ ಗ್ಲಾಸು ಮೊದಲಿಗಿಂತ ಜೋರಾಗಿ ಏರುತ್ತದೆ ಅನ್ನುವುದನ್ನೂ ಮನೆಯವರಿಗೆ ಹೇಳಿ.

ಈ ತಲೆನೋವೇ ಬೇಡ, ಕೈಯಿಂದ ತಿರುಗಿಸುವ ಹ್ಯಾಂಡಲ್ ಹಾಕಿಸಿಬಿಡಲಾ?

ಅದೇ ಮಾಡೆಲ್ಲಿನ ಕೆಳಗಿನ ದರ್ಜೆಯ ಗಾಡಿಯಲ್ಲಿ ಹ್ಯಾಂಡಲ್ ಬರುತ್ತಿದ್ದರೆ ಸಾಧ್ಯ. ಹಿಂದಿನ ಎರಡು ಬಾಗಿಲಿಗೆ ಹಾಗೆ ಮಾಡಿಸಿಕೊಂಡವರು ಇದ್ದಾರೆ, ಸುಖವಾಗಿದ್ದಾರೆ. ಆದರೆ ಡೋರ್ ಪ್ಯಾಡಿಗೆ ತೂತು ಹೊಡೆಯಬೇಕು, ಮಾರುವಾಗ ಕೇಳುತ್ತಾರೆ. ಮತ್ತೆ, ಧೂಳು ತುಂಬಿದ ಬೀಡಿಂಗಿಗೆ ಹ್ಯಾಂಡಲೂ ಒಂದೇ, ಮೋಟಾರೂ ಒಂದೇ. ಮೋಟಾರ್ ನಿಲ್ಲುವ ಬದಲು ಹ್ಯಾಂಡಲ್ಲಿನ ಹಲ್ಲು ಹೋಗುತ್ತದೆ.

ಎಲ್ಲಾ ಜೋಡಿಸಿ ಆಯಿತು. ಗ್ಲಾಸ್ ಓಡುತ್ತಿದೆ. ಎರಡು ಸ್ಕ್ರೂ ಮಿಕ್ಕಿವೆ.

ಒಂದು ಹ್ಯಾಂಡಲ್ ಬಟ್ಟಲಿನದು, ಮುಚ್ಚಳ ಹಾಕುವ ಅವಸರದಲ್ಲಿ ಬಿಟ್ಟಿರುತ್ತೀರಿ. ಇನ್ನೊಂದು 10 ಎಂಎಂ ತಲೆಯ ಬೋಲ್ಟ್ ಆಗಿದ್ದರೆ ಮತ್ತೆ ಪ್ಯಾಡ್ ಬಿಚ್ಚಿ, ಅದು ಮಷೀನಿನದು. ಅದಿಲ್ಲದೆ ಗ್ಲಾಸ್ ಇವತ್ತು ನೆಟ್ಟಗೆ ಏರಿದರೂ ಹದಿನೈದು ದಿನದಲ್ಲಿ ಸೊಟ್ಟಗೆ ಏರಿ ರಬ್ಬರ್ ಬಿಟ್ಟು ಹೊರಗೆ ಬರುತ್ತದೆ. ಮೂರನೆಯದೊಂದು ಇದ್ದು ಸಿಗುತ್ತಿಲ್ಲ, ಬಾಗಿಲು ಹಾಕಿದಾಗ ಒಳಗೆ ಕಟಕಟ ಅನ್ನುತ್ತಿದೆ ಅಂದರೆ ಹಳೆ ಸ್ಪೀಕರಿನ ಮ್ಯಾಗ್ನೆಟ್ ತುಂಡನ್ನು ದಾರಕ್ಕೆ ಕಟ್ಟಿ ಸ್ಪೀಕರ್ ತೂತಿನಿಂದ ಕೆಳಗೆ ಬಿಡಿ. ಸ್ಕ್ರೂ ಬರುತ್ತದೆ. ಸಂಡೂರಿನ ಗಾಡಿಯಾದರೆ ಜೊತೆಗೆ ಆ ಕೆಂಪು ಧೂಳಿನೊಳಗಿನ ಅದಿರಿನ ಕರಿ ಪುಡಿಯೂ ಒಂದಿಷ್ಟು ಮ್ಯಾಗ್ನೆಟ್ಟಿಗೆ ಅಂಟಿ ಬರಬಹುದು, ಗಾಬರಿಯಾಗಬೇಡಿ.